ಅರವತ್ತು ಅಡಿಯ ನ್ಯಾಯ

ಡೆಲವೇರ್ ನದಿ ದಾಟುತ್ತಿದ್ದಾಗ ಮೊಮ್ಮಗ ಹಿಂದಿನ ಸೀಟಿನಿಂದ ಕೇಳಿದ: "ತಾತ, ನಿಮ್ಮ ಖೊಖೊ ಟೀಮು ಎಲ್ಲೀವರೆಗೆ ಹೋಗಿತ್ತು?"

"ಜಿಲ್ಲೆಯವರೆಗೆ" ಅಂದೆ.

"ಜಿಲ್ಲೆ ಅಂದರೆ ಡಿಸ್ಟ್ರಿಕ್ಟ್ ಅಲ್ವಾ? ನಾವೂ ಅಲ್ಲೇ ಸೋತಿದ್ದು."

2022ರ ಆಗಸ್ಟ್ 27, ಶನಿವಾರ. ನ್ಯೂ ಜೆರ್ಸಿಯ ಎಡಿಸನ್‌ನಲ್ಲಿರುವ ಮಗಳ ಮನೆಯಿಂದ ಬೆಳಕು ಹರಿಯುವ ಮೊದಲೇ ಹೊರಟಿದ್ದೆವು. ಇಂಟರ್‌ಸ್ಟೇಟ್ 80 ಎಂಬ ಹೆದ್ದಾರಿ ಬೆಟ್ಟದ ನಡುವಿನ ಸಂದಿಯಲ್ಲಿ ನದಿಯನ್ನು ಹಾಯ್ದು ಪೆನ್ಸಿಲ್ವೇನಿಯಾಕ್ಕೆ ಕಾಲಿಡುತ್ತದೆ. ಅಲ್ಲಿಂದ ಮುಂದೆ ಕಾಡು, ಜೋಳದ ಹೊಲ, ಕೆಂಪು ಬಣ್ಣದ ಕಣಜದ ಮನೆಗಳು. ನಾವು ಹೊರಟಿದ್ದು ವಿಲಿಯಮ್ಸ್‌ಪೋರ್ಟ್ ಎಂಬ ಊರಿಗೆ. ಹನ್ನೆರಡು ವರ್ಷದ ಆಸುಪಾಸಿನ ಮಕ್ಕಳ ಬೇಸ್‌ಬಾಲ್ ವಿಶ್ವ ಪಂದ್ಯಾವಳಿ, ಲಿಟಲ್ ಲೀಗ್ ವರ್ಲ್ಡ್ ಸೀರೀಸ್, ಪ್ರತಿ ಆಗಸ್ಟ್‌ನಲ್ಲಿ ನಡೆಯುವುದು ಅಲ್ಲಿ.

ಹತ್ತು ವರ್ಷದ ಮೊಮ್ಮಗನ ತಂಡ ಆ ಬೇಸಿಗೆಯಲ್ಲಿ ತನ್ನ ವಯಸ್ಸಿನ ವಿಭಾಗದ ಜಿಲ್ಲಾ ಪಂದ್ಯದಲ್ಲಿ 19–1ರಿಂದ ಸೋತಿತ್ತು. ಸೋತ ರಾತ್ರಿ ಅವನು ಅತ್ತಿರಲಿಲ್ಲ. ಊಟದ ತಟ್ಟೆಯ ಮುಂದೆ ಕುಳಿತು ಒಂದೇ ಒಂದು ಪ್ರಶ್ನೆ ಕೇಳಿದ್ದ: "ತಾತ, ಅವರೆಲ್ಲ ನಿಜವಾಗಲೂ ಹತ್ತು ವರ್ಷದವರಾ?" ಮೂವತ್ತೆರಡು ವರ್ಷ ಕರ್ನಾಟಕದ ಹಳ್ಳಿ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದ ನನಗೆ ಆ ಪ್ರಶ್ನೆ ಹೊಸದಲ್ಲ. ತಾಲ್ಲೂಕು ಕ್ರೀಡಾಕೂಟದ ಸುಣ್ಣದ ಗೆರೆಯ ಪಕ್ಕದಲ್ಲಿ ಅದೇ ಪ್ರಶ್ನೆಯನ್ನು ನನ್ನ ಹುಡುಗರು ನೂರು ಸಲ ಕೇಳಿದ್ದಾರೆ. ನೆಟ್ಟಗೆ ಉತ್ತರ ಕೊಟ್ಟ ನೆನಪು ಒಮ್ಮೆಯೂ ಇಲ್ಲ. ಈ ಸಲ ಕೊಡಬೇಕು ಎಂದುಕೊಂಡೇ ಕಾರು ಹತ್ತಿದ್ದೆ.

ವಿಲಿಯಮ್ಸ್‌ಪೋರ್ಟ್ ಸಸ್ಕ್ವೆಹಾನಾ ನದಿಯ ಪಶ್ಚಿಮ ಶಾಖೆಯ ದಂಡೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯಲ್ಲಿ ತೇಲಿಬರುವ ಮರದ ದಿಮ್ಮಿಗಳಿಂದ ಹಣ ಕಂಡ ಊರು. ಫೋರ್ತ್ ಸ್ಟ್ರೀಟಿನಲ್ಲಿ ಮರದ ವ್ಯಾಪಾರಿಗಳು ಕಟ್ಟಿಸಿದ ಮನೆಗಳ ಸಾಲಿಗೆ ಇಂದಿಗೂ ಮಿಲಿಯನೇರ್ಸ್ ರೋ ಎಂದೇ ಹೆಸರು. ಕಾಡು ಮುಗಿಯಿತು, ಹಣವೂ ಸರಿದುಹೋಯಿತು. ಉಳಿದದ್ದು ಮಕ್ಕಳ ಆಟ. ದೊಡ್ಡ ಕ್ರೀಡಾಂಗಣ ನದಿಯ ಆಚೆ ದಡದ ಸೌತ್ ವಿಲಿಯಮ್ಸ್‌ಪೋರ್ಟ್‌ನಲ್ಲಿದೆ. ಆದರೆ ನಾನು ಮೊದಲು ನೋಡಬೇಕೆಂದಿದ್ದ ಜಾಗ ಈಚೆಯದು. ಫೋರ್ತ್ ಸ್ಟ್ರೀಟನ್ನೇ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಒಂದು ಪುಟ್ಟ ಮೈದಾನ. 1947ರಿಂದ 1958ರವರೆಗೆ ವರ್ಲ್ಡ್ ಸೀರೀಸ್ ಆಡಿದ್ದು ಅಲ್ಲಿ. ಈಗ ಅದಕ್ಕೆ ಕಾರ್ಲ್ ಸ್ಟೋಟ್ಜ್ ಹೆಸರು.

ಸ್ಟೋಟ್ಜ್ ಈ ಊರಿನ ಒಬ್ಬ ಸಾಮಾನ್ಯ ಮನುಷ್ಯ. 1938ರಲ್ಲಿ ತನ್ನ ಇಬ್ಬರು ಸೋದರಳಿಯಂದಿರ ಜೊತೆ ಹಿತ್ತಲಲ್ಲಿ ಚೆಂಡು ಹಿಡಿದಾಡುವಾಗ ಲೈಲ್ಯಾಕ್ ಗಿಡದ ಬುಡಕ್ಕೆ ಕಾಲು ತಾಗಿಸಿಕೊಂಡ. ನೋವು ಆರಿಸಿಕೊಳ್ಳುತ್ತ ಕುಳಿತಾಗ ಹೊಳೆದದ್ದು, ಮಕ್ಕಳಿಗೆ ಅವರದೇ ಅಳತೆಯ ಬೇಸ್‌ಬಾಲ್ ಇರಬೇಕು ಎಂಬ ವಿಚಾರ. ದೊಡ್ಡವರ ಆಟದಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಚಿಕ್ಕ ಕಾಲಿಗೆ ಅದು ಮುಗಿಯದ ದಾರಿ. ಸ್ಟೋಟ್ಜ್ ನೆರೆಹೊರೆಯ ಹುಡುಗರನ್ನು ಕಲೆಹಾಕಿ, ಬೇಸ್‌ಗಳನ್ನು ಹತ್ತಿರ ಇಟ್ಟು, ದೂರ ಇಟ್ಟು, ಓಡಿಸಿ ನೋಡಿದ. ಓಡುವ ಹುಡುಗನಿಗೂ ಚೆಂಡು ಎಸೆಯುವ ಹುಡುಗನಿಗೂ ಸಮನಾದ ಪೈಪೋಟಿ ಎಲ್ಲಿ ಏರ್ಪಡುತ್ತದೋ ಅಲ್ಲಿ ನಿಲ್ಲಿಸಿದ. ಹಾಗೆ ನಿಂತದ್ದು 60 ಅಡಿಗೆ. ಇಂದಿಗೂ ಲಿಟಲ್ ಲೀಗಿನ ಅಳತೆ ಅದೇ. ಚೆಂಡೆಸೆಯುವ ಪಿಚರ್ ನಿಲ್ಲುವುದು 46 ಅಡಿ ದೂರದಲ್ಲಿ. ದೊಡ್ಡವರಿಗೆ 9 ಇನಿಂಗ್ಸ್, ಇವರಿಗೆ 6.

ಆ ಮೈದಾನದ ಬೇಲಿಯ ಹೊರಗೆ ನಿಂತು ಮೊಮ್ಮಗನಿಗೆ ಅಳತೆಯ ಕಥೆ ಹೇಳಿದೆ. ನಾನೂ ಜೀವನವಿಡೀ ಅಳೆದವನೇ. ಟೇಪು ಸಿಗದ ದಿನ ಹಗ್ಗಕ್ಕೆ ಗಂಟು ಹಾಕಿ ಖೊಖೊ ಅಂಕಣ ಅಳೆದಿದ್ದೇನೆ. ಅಳತೆ ತಪ್ಪಿದರೆ ಆಟ ಕೆಡುತ್ತದೆಂದು ಗೊತ್ತಿತ್ತು. ಆದರೆ ಅಳತೆ ಎಂಬುದು ಮಕ್ಕಳ ಮೇಲಿನ ಪ್ರೀತಿಯ ಒಂದು ರೂಪ ಎಂದು ಹೊಳೆದದ್ದು ಆ ಬೇಲಿಯ ಪಕ್ಕದಲ್ಲಿ.

ಅಷ್ಟೆಲ್ಲ ಅಳೆದು ತೂಗಿದರೂ 1939ರ ಜೂನ್ 6ರಂದು ನಡೆದ ಮೊಟ್ಟಮೊದಲ ಪಂದ್ಯದ ಫಲಿತಾಂಶ ಏನು? ಲಂಡಿ ಲಂಬರ್ 23, ಲೈಕಮಿಂಗ್ ಡೈರಿ 8. ಅಂದರೆ ಲಿಟಲ್ ಲೀಗ್ ಹುಟ್ಟಿದ್ದೇ ಒಂದು ಏಕಪಕ್ಷೀಯ ಪಂದ್ಯದಲ್ಲಿ. ಇದನ್ನು ಕೇಳಿ ಮೊಮ್ಮಗನ ಮುಖ ಸ್ವಲ್ಪ ಅರಳಿತು. ಆದರೆ ಅಲ್ಲಿ ಒಂದು ವ್ಯತ್ಯಾಸವಿತ್ತು. ಆಗ ಇದ್ದದ್ದು ಮೂರೇ ತಂಡ. ಎಲ್ಲರೂ ಒಂದೇ ಊರಿನ ಹುಡುಗರು. ಇವತ್ತು ಸೋತವರು ಮುಂದಿನ ವಾರ ಗೆದ್ದವರನ್ನೇ ಮತ್ತೆ ಎದುರಿಸಬಹುದಿತ್ತು. ಅರ್ಹತಾ ಸುತ್ತುಗಳ ಏಣಿಯ ಮೇಲೆ ಸೋತವನಿಗೆ ಆ ಮುಂದಿನ ವಾರ ಇರುವುದಿಲ್ಲ.

ಆ ಏಣಿ ನಮ್ಮ ಶಾಲಾ ಕ್ರೀಡಾಕೂಟದ ಏಣಿಯಂತೆಯೇ ಇದೆ. ನಮ್ಮಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಅವರಲ್ಲಿ ಊರಿನ ಲೀಗು, ಜಿಲ್ಲೆ, ರಾಜ್ಯ, ಪ್ರಾಂತ್ಯ, ಕೊನೆಗೆ ವಿಲಿಯಮ್ಸ್‌ಪೋರ್ಟ್. ಪ್ರತಿ ಊರಿನ ಲೀಗಿಗೂ ನಕ್ಷೆಯಲ್ಲಿ ಗೆರೆ ಎಳೆದ ಗಡಿಯಿದೆ. ಆ ಗಡಿಯೊಳಗೆ ವಾಸಿಸುವ ಅಥವಾ ಓದುವ ಮಕ್ಕಳಿಂದ ಮಾತ್ರ ತಂಡ ಕಟ್ಟಬೇಕು. ನಾವು ಹೋದ ವರ್ಷ ಪಂದ್ಯಾವಳಿಯ 75ನೆಯ ಆವೃತ್ತಿ. ತಂಡಗಳ ಸಂಖ್ಯೆ 16ರಿಂದ 20ಕ್ಕೆ ಏರಿದ್ದೂ ಆಗಲೇ. ಅಮೆರಿಕದಿಂದ 10, ಉಳಿದ ಜಗತ್ತಿನಿಂದ 10.

ನದಿ ದಾಟಿ ಲಮಾಡೆ ಕ್ರೀಡಾಂಗಣ ತಲುಪಿದಾಗ ಮಧ್ಯಾಹ್ನ. ಟಿಕೆಟ್ಟಿಗೆ ದುಡ್ಡಿಲ್ಲ. ಮೈದಾನದ ಹಿಂದೆ ಹಸಿರು ದಿಬ್ಬ, ಅದರ ಮೇಲೆ ಹಾಸಿದ ಕಂಬಳಿಗಳು, ರಟ್ಟಿನ ಹಾಳೆಯ ಮೇಲೆ ಕುಳಿತು ಜಾರುವ ನೂರಾರು ಮಕ್ಕಳು. ನಮ್ಮೂರ ಜಾತ್ರೆಯಲ್ಲಿ ತೇರು ಬರುವ ಮುಂಚಿನ ಹೊತ್ತಿನ ಹಾಗಿತ್ತು. ಮೊಮ್ಮಗ ತನ್ನ ಲೀಗಿನ ಪಿನ್ನುಗಳನ್ನು ಹಿಡಿದು ಅಪರಿಚಿತ ಮಕ್ಕಳ ಜೊತೆ ವಿನಿಮಯಕ್ಕೆ ಇಳಿದ. ಇಲ್ಲಿ ಅದೊಂದು ದೊಡ್ಡ ಸಂಪ್ರದಾಯ. ಭಾಷೆ ಬಾರದ ಮಕ್ಕಳೂ ಅಂಗೈ ಚಾಚಿ ವ್ಯಾಪಾರ ಮುಗಿಸುತ್ತಾರೆ.

ಆ ದಿನ ಎರಡು ಪಂದ್ಯ. ಮೊದಲನೆಯದು ಅಂತರರಾಷ್ಟ್ರೀಯ ವಿಭಾಗದ ಫೈನಲ್: ತೈವಾನ್ ಮತ್ತು ಕ್ಯುರಸಾವ್. ತೈವಾನಿನ ಜನಸಂಖ್ಯೆ ಸುಮಾರು 2.3 ಕೋಟಿ. ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದ್ದು ಸುಮಾರು ಒಂದೂವರೆ ಲಕ್ಷ, ನಮ್ಮ ಒಂದು ಮಧ್ಯಮ ಪಟ್ಟಣದಷ್ಟು. ಕಾಗದದ ಮೇಲೆ ಇದಕ್ಕಿಂತ ಅಸಮ ಜೋಡಿ ಇನ್ನೊಂದಿಲ್ಲ. ಗೆದ್ದದ್ದು ಕ್ಯುರಸಾವ್, 1–0. ಆರು ಇನಿಂಗ್ಸ್ ಮುಗಿಯುವಷ್ಟರಲ್ಲಿ ಇಡೀ ದಿಬ್ಬ ಎದ್ದು ನಿಂತಿತ್ತು. ಆ ಪುಟ್ಟ ದ್ವೀಪ 2004ರಲ್ಲಿ ಕಪ್ಪನ್ನೇ ಗೆದ್ದಿದೆ. ಒಂದು ಊರು ಒಂದು ಆಟವನ್ನು ಮನಸ್ಸಿಗೆ ಹಚ್ಚಿಕೊಂಡರೆ ಜನಸಂಖ್ಯೆಯ ಲೆಕ್ಕ ಕೆಲಸಕ್ಕೆ ಬಾರದು. ಎರಡನೆಯ ಪಂದ್ಯದಲ್ಲಿ ಹವಾಯಿಯ ಹೊನೊಲುಲು ತಂಡ ಟೆನೆಸಿಯ ನೋಲೆನ್ಸ್‌ವಿಲ್ ತಂಡವನ್ನು 5–1ರಿಂದ ಸೋಲಿಸಿತು. ಭಾನುವಾರದ ಫೈನಲ್ ಎರಡು ದ್ವೀಪಗಳ ನಡುವೆ ಎಂದಾಯಿತು.

ರಾತ್ರಿ ಹೋಟೆಲ್ಲಿನಲ್ಲಿ ಮೊಮ್ಮಗ ಮಲಗಿದ ಮೇಲೆ ತೈವಾನಿನ ಆ ಹುಡುಗರನ್ನೇ ನೆನೆಯುತ್ತಿದ್ದೆ. 1–0ರಿಂದ ಸೋತು ತಲೆತಗ್ಗಿಸಿ ಹೋದ ಇವರ ಅಜ್ಜಂದಿರ ಕಾಲದಲ್ಲಿ ಚಿತ್ರ ಬೇರೆಯೇ ಇತ್ತು.

1969ರಲ್ಲಿ ತೈಚುಂಗ್ ನಗರದ ತಂಡ ತೈವಾನಿಗೆ ಮೊದಲ ಕಪ್ ತಂದಿತು. 1971ರಲ್ಲಿ ಆ ದೇಶ ವಿಶ್ವಸಂಸ್ಥೆಯ ಸ್ಥಾನ ಕಳೆದುಕೊಂಡಿತು. ಜಗತ್ತು ಬೆನ್ನು ತಿರುಗಿಸುತ್ತಿದ್ದ ಹೊತ್ತಿನಲ್ಲಿ ಜನ ತಮ್ಮ ಮರ್ಯಾದೆಯನ್ನೆಲ್ಲ ಹನ್ನೆರಡು ವರ್ಷದ ಹುಡುಗರ ಹೆಗಲ ಮೇಲೆ ಇಟ್ಟರು. ನಡುರಾತ್ರಿ ಎದ್ದು ಟಿವಿಯಲ್ಲಿ ಪಂದ್ಯ ನೋಡಿದರು. ಇಂದಿಗೂ ತೈವಾನಿನ 500 ಡಾಲರ್ ನೋಟಿನ ಮೇಲೆ ಇರುವುದು ಟೋಪಿ ಎಸೆದು ಕುಣಿಯುವ ಶಾಲಾ ಬೇಸ್‌ಬಾಲ್ ಹುಡುಗರ ಚಿತ್ರ. ವರ್ಷವಿಡೀ ಅಭ್ಯಾಸ ಮಾಡಿ ಬರುತ್ತಿದ್ದ ಆ ತಂಡಗಳ ಎದುರು, ಬೇಸಿಗೆ ರಜೆಯಲ್ಲಿ ಆಡುವ ಅಮೆರಿಕದ ಮಕ್ಕಳಿಗೆ ನಿಲ್ಲಲಾಗಲಿಲ್ಲ. 1973ರಲ್ಲಿ ತೈನಾನ್ ತಂಡ ಮೂರು ಪಂದ್ಯ ಆಡಿತು: 18–0, 27–0, 12–0. ಒಟ್ಟು 57 ರನ್ ಗಳಿಸಿ ಒಂದನ್ನೂ ಬಿಟ್ಟುಕೊಡಲಿಲ್ಲ. ಮೂರೂ ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ಹಿಟ್ ಕೂಡ ಸಿಗಲಿಲ್ಲ.

ಇದಕ್ಕೆ ದೊಡ್ಡವರು ಕಂಡುಕೊಂಡ ಮೊದಲ ಪರಿಹಾರ ಕೆಟ್ಟದ್ದು. 1975ರ ವರ್ಲ್ಡ್ ಸೀರೀಸ್‌ನಿಂದ ವಿದೇಶಿ ತಂಡಗಳನ್ನೆಲ್ಲ ಹೊರಗಿಟ್ಟರು. ಆ ವರ್ಷ ನ್ಯೂ ಜೆರ್ಸಿಯ ಲೇಕ್‌ವುಡ್ ಗೆದ್ದಿತು. ಅವರ ಗೆಲುವು ಸುಳ್ಳಲ್ಲ, ಆದರೆ ಜಗತ್ತೇ ಇಲ್ಲದ ವರ್ಲ್ಡ್ ಸೀರೀಸ್ ಅದು. ಮರುವರ್ಷವೇ ತಪ್ಪು ತಿದ್ದಿಕೊಂಡರು. 1976ರಿಂದ ಅಮೆರಿಕದ ತಂಡಗಳಿಗೆ ಒಂದು ಪಾಳಿ, ಉಳಿದ ಜಗತ್ತಿಗೆ ಇನ್ನೊಂದು ಪಾಳಿ, ಎರಡರ ವಿಜೇತರ ನಡುವೆ ಫೈನಲ್. ಇಂದಿಗೂ ಇದೇ ಕ್ರಮ. ಅಮೆರಿಕದ ಒಂದು ತಂಡ ಪ್ರತಿ ವರ್ಷ ಫೈನಲ್ ತಲುಪುವುದು ಖಾತ್ರಿ.

ಇದು ನ್ಯಾಯವೇ? ನಾನು ಬಹಳ ಹೊತ್ತು ಯೋಚಿಸಿದೆ. ಜಗತ್ತಿನ ಅತ್ಯುತ್ತಮ ಇಪ್ಪತ್ತು ತಂಡಗಳನ್ನು ಮಾತ್ರ ಆರಿಸಿದರೆ ಅವು ಬೆರಳೆಣಿಕೆಯ ಸೀಮೆಗಳಿಂದ ಬಂದಾವು. ಕ್ಯಾಲಿಫೋರ್ನಿಯಾದಲ್ಲಿ ಜನವರಿಯಲ್ಲೂ ಚೆಂಡು ಎಸೆಯಬಹುದು. ಮೇಯ್ನ್, ವರ್ಮಾಂಟ್ ರಾಜ್ಯಗಳಲ್ಲಿ ಮಾರ್ಚ್ ಕಳೆದರೂ ಮೈದಾನದ ಮೇಲೆ ಹಿಮ ಇರುತ್ತದೆ. ಯುರೋಪ್ ಮತ್ತು ಆಫ್ರಿಕಾ ಎರಡೂ ಸೇರಿ ಒಂದು ಪ್ರಾಂತ್ಯ. ಆ ಪ್ರಾಂತ್ಯ ಒಮ್ಮೆಯೂ ಕಪ್ ಗೆದ್ದಿಲ್ಲ. ಕೆನಡಾ 1965ರಲ್ಲಿ ಫೈನಲ್ ತಲುಪಿ ಸೋತದ್ದೇ ಅದರ ದೊಡ್ಡ ಸಾಧನೆ. ಹಾಗಾದರೆ ಅವರಿಗೇಕೆ ಸ್ಥಾನ? ನಮ್ಮ ರಾಜ್ಯ ಕ್ರೀಡಾಕೂಟಕ್ಕೆ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ನಾಲ್ಕೂ ವಿಭಾಗಗಳಿಂದ ತಂಡ ಬರುವುದು ಏಕೋ ಅದಕ್ಕೇ. ಬಲವಿದ್ದಲ್ಲಿಂದಲೇ ಎಲ್ಲರನ್ನೂ ಕರೆದರೆ ಬಲವಿಲ್ಲದಲ್ಲಿ ಆಟ ಬೇರೂರುವುದೇ ಇಲ್ಲ. ಮೊದಲ ಸುತ್ತಿನಲ್ಲಿ ಹತ್ತು ರನ್ನಿನಿಂದ ಸೋತು ಊರಿಗೆ ಮರಳುವ ಹುಡುಗನೊಬ್ಬ ಇಡೀ ಊರಿಗೆ ಮೈದಾನ ಬೇಕೆನ್ನುವ ಆಸೆ ಹೊತ್ತುಕೊಂಡು ಹೋಗುತ್ತಾನೆ. ಸ್ಥಾನ ಹಂಚುವುದರಿಂದ ಕೆಲವು ಪಂದ್ಯಗಳು ಅಸಮವಾಗುತ್ತವೆ ನಿಜ. ಹಂಚದಿದ್ದರೆ ಆ ಅಸಮತೆ ಎಂದಿಗೂ ತೀರುವುದಿಲ್ಲ.

ಉಗಾಂಡಾದ ಕಥೆ ಇದಕ್ಕೆ ಸಾಕ್ಷಿ. ಪೋಲೆಂಡಿನ ಕುಟ್ನೊ ಪಟ್ಟಣದಲ್ಲಿ ನಡೆದ, ಆಗಿನ ಮಧ್ಯಪ್ರಾಚ್ಯ ಮತ್ತು ಆಫ್ರಿಕಾ ಪ್ರಾಂತ್ಯದ ಪಂದ್ಯಾವಳಿಯನ್ನು 2011ರಲ್ಲಿ ಕಂಪಾಲಾದ ಮಕ್ಕಳು ಗೆದ್ದರು. ಆ ಪ್ರಾಂತ್ಯದಿಂದ ಮತ್ತೆ ಮತ್ತೆ ವಿಲಿಯಮ್ಸ್‌ಪೋರ್ಟ್‌ಗೆ ಬರುತ್ತಿದ್ದದ್ದು ಸೌದಿ ಅರೇಬಿಯಾದ ಧಹ್ರಾನ್ ತಂಡ, ತೈಲ ಕಂಪನಿಯ ನೌಕರಿಗೆ ಹೋದ ಕುಟುಂಬಗಳ ಮಕ್ಕಳದ್ದು. ಅವರನ್ನು ಸೋಲಿಸಿ ಅರ್ಹತೆ ಪಡೆದ ಮೊದಲ ಆಫ್ರಿಕನ್ ತಂಡ ಅದು. ಆದರೆ ಮಕ್ಕಳ ಜನ್ಮದಿನಾಂಕದ ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ ವೀಸಾ ಸಿಗಲಿಲ್ಲ. ಅವರ ಬದಲಿಗೆ ಸೌದಿ ತಂಡವೇ ಹೋಯಿತು. ಜನನವಾದದ್ದನ್ನು ಬರೆದಿಡುವ ಪದ್ಧತಿಯೇ ಗಟ್ಟಿಯಾಗಿರದ ನಾಡಿನಲ್ಲಿ, ಕಾಗದ ತಪ್ಪಿದ ಮಾತ್ರಕ್ಕೆ ಮಗು ಸುಳ್ಳು ಹೇಳಿತೆನ್ನಲಾಗದು. ನನ್ನ ತಲೆಮಾರಿನ ಅರ್ಧ ಜನರ ಜನ್ಮದಿನಾಂಕ ಜೂನ್ 1 ಆಗಿರುವುದು ಒಂದನೇ ತರಗತಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದರಿಂದ ಅಲ್ಲವೇ?

ಆಮೇಲೆ ನಡೆದದ್ದು ನನ್ನನ್ನು ಬಹಳ ಕಲಕಿತು. ವಿಲಿಯಮ್ಸ್‌ಪೋರ್ಟ್‌ನಲ್ಲಿ ಉಗಾಂಡಾವನ್ನು ಎದುರಿಸಬೇಕಿದ್ದ ಕೆನಡಾದ ಲ್ಯಾಂಗ್ಲಿ ಊರಿನ ಮಕ್ಕಳು 2012ರ ಜನವರಿಯಲ್ಲಿ ತಾವೇ ವಿಮಾನ ಹತ್ತಿ ಉಗಾಂಡಾಕ್ಕೆ ಹೋದರು, ಆಡದೇ ಉಳಿದ ಪಂದ್ಯವನ್ನು ಆಡಿ ಬಂದರು. ಉಗಾಂಡಾ 2–1ರಿಂದ ಗೆದ್ದಿತು. ಅದೇ ವರ್ಷದ ಬೇಸಿಗೆಯಲ್ಲಿ ಉಗಾಂಡಾದ ಲುಗಾಜಿ ತಂಡ ಮತ್ತೆ ಕುಟ್ನೊ ಗೆದ್ದು, ಈ ಸಲ ವೀಸಾ ಪಡೆದು ವಿಲಿಯಮ್ಸ್‌ಪೋರ್ಟ್ ಮೈದಾನಕ್ಕೆ ಇಳಿಯಿತು. ಆಡದ ಪಂದ್ಯವೊಂದು ತಮಗೆ ಬಾಕಿ ಇದೆ ಎಂದು ಕೆನಡಾದ ಮಕ್ಕಳಿಗೆ ಅನ್ನಿಸಿತಲ್ಲ, ಯಾವ ನಿಯಮ ಪುಸ್ತಕವೂ ಅದನ್ನು ಕಲಿಸಲಾರದು.

ಭಾನುವಾರ ಬೆಳಿಗ್ಗೆ ಕ್ರೀಡಾಂಗಣದ ಪಕ್ಕದ ಲಿಟಲ್ ಲೀಗ್ ವಸ್ತುಸಂಗ್ರಹಾಲಯಕ್ಕೆ ಹೋದೆವು. ಮೊಮ್ಮಗ ಒಂದು ಗಾಜಿನ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಓಡುತ್ತಿದ್ದ. ನಾನು ವರ್ಷಗಳ ಲೆಕ್ಕ ಹಾಕುತ್ತ ಹಿಂದೆ ಉಳಿದೆ. ಅಳತೆಯ ಮನುಷ್ಯ ಕಾರ್ಲ್ ಸ್ಟೋಟ್ಜ್ 1950ರ ದಶಕದ ಮಧ್ಯದಲ್ಲೇ ಸಂಸ್ಥೆಯ ಜೊತೆ ಜಗಳವಾಗಿ ಹೊರಬಂದಿದ್ದ. ದೊಡ್ಡ ಕಂಪನಿಯ ಹಿಡಿತ ಹೆಚ್ಚುವುದು, ಊರೊಳಗಿನ ಆಟಕ್ಕಿಂತ ದೊಡ್ಡ ಪಂದ್ಯಾವಳಿಯೇ ಮುಖ್ಯವಾಗುವುದು ಅವನಿಗೆ ಹಿಡಿಸಲಿಲ್ಲ. 1992ರಲ್ಲಿ ಅವನು ತೀರಿಕೊಂಡ. ಅದೇ ವರ್ಷ ಫಿಲಿಪೀನ್ಸ್‌ನ ಜಾಂಬೊಂಗಾ ತಂಡ ಫೈನಲ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ತಂಡವನ್ನು 15–4ರಿಂದ ಸೋಲಿಸಿತು. ಕೆಲವೇ ದಿನಗಳಲ್ಲಿ ಹೊರಬಿತ್ತು, ತಂಡದಲ್ಲಿ ಬೇರೆ ಊರುಗಳ ಹುಡುಗರನ್ನು ತಂದು ತುಂಬಿದ್ದರು. ಕಪ್ ಹಿಂದಕ್ಕೆ ಹೋಯಿತು.

2001ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ತಂಡದ ಡ್ಯಾನಿ ಅಲ್ಮಾಂಟೆ ಎಂಬ ಎಡಗೈ ಪಿಚರ್ ಒಬ್ಬ ಎದುರಾಳಿಯನ್ನೂ ಬೇಸ್ ಮುಟ್ಟಲು ಬಿಡದೆ ಒಂದು ಪಂದ್ಯ ಮುಗಿಸಿದ. ಅಮೆರಿಕವೇ ಬೆರಗಾಯಿತು. ತೋರಿಸಿದ ದಾಖಲೆಯಲ್ಲಿ ಹುಟ್ಟಿದ ದಿನ 1989ರ ಏಪ್ರಿಲ್ 7. ನಿಜವಾದದ್ದು 1987ರ ಏಪ್ರಿಲ್ 7. ಹದಿನಾಲ್ಕರ ಹುಡುಗನನ್ನು ಹನ್ನೆರಡರವನೆಂದು ನಿಲ್ಲಿಸಿದ್ದರು. 46 ಅಡಿಯಿಂದ ಹದಿನಾಲ್ಕರ ತೋಳು ಎಸೆಯುವ ಚೆಂಡನ್ನು ಹನ್ನೆರಡರ ಕಣ್ಣು ಹಿಡಿಯುವುದು ಹೇಗೆ? ಆ ಅಳತೆಯೇ ಸುಳ್ಳಾಯಿತು.

2014ರ ಕಥೆ ಇನ್ನೂ ಸಂಕಟದ್ದು. ಷಿಕಾಗೋ ನಗರದ ದಕ್ಷಿಣ ಭಾಗದ ಕಪ್ಪು ಮಕ್ಕಳ ತಂಡ ಜಾಕಿ ರಾಬಿನ್‌ಸನ್ ವೆಸ್ಟ್ ಅಮೆರಿಕದ ಪಾಳಿಯ ಕಪ್ ಗೆದ್ದಿತು. ನಗರ ಮೆರವಣಿಗೆ ಮಾಡಿತು, ಶ್ವೇತಭವನ ಕರೆಯಿತು. 2015ರ ಫೆಬ್ರವರಿಯಲ್ಲಿ ಆ ಕಪ್ಪನ್ನು ಕಿತ್ತುಕೊಳ್ಳಲಾಯಿತು. ತಂಡದ ಹಿರಿಯರು ಗಡಿಯ ನಕ್ಷೆಯನ್ನೇ ತಿದ್ದಿ, ನೆರೆಯ ಲೀಗುಗಳ ಹುಡುಗರನ್ನು ಸೇರಿಸಿಕೊಂಡಿದ್ದರು. ದೂರು ಬಂದದ್ದು ಪಕ್ಕದ ಎವರ್‌ಗ್ರೀನ್ ಪಾರ್ಕ್‌ನಿಂದ. ಅರ್ಹತಾ ಹಂತದಲ್ಲಿ ಅವರ ತಂಡ ಇವರ ಎದುರು 43–2ರಿಂದ ಸೋತಿತ್ತು. ಒಂದು ಕಡೆ 43–2ರ ಅವಮಾನ ನುಂಗಿದ ಮಕ್ಕಳು. ಇನ್ನೊಂದು ಕಡೆ ಆರು ತಿಂಗಳು ನಾಡಿನ ಕಣ್ಮಣಿಯಾಗಿದ್ದು, ಒಂದು ಬೆಳಿಗ್ಗೆ ಮೋಸಗಾರರೆನಿಸಿಕೊಂಡ ಮಕ್ಕಳು. ನಕ್ಷೆ ತಿದ್ದಿದ ಕೈ ಇವರಲ್ಲಿ ಯಾರದ್ದೂ ಅಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಪೈರು ಯಾರಿಗೆ ದೂರು ಹೇಳಬೇಕು?

ವಸ್ತುಸಂಗ್ರಹಾಲಯದ ಹೊರಗಿನ ಬೆಂಚಿನ ಮೇಲೆ ಕುಳಿತಾಗ, ಮೂರು ದಶಕಗಳಿಂದ ಯಾರಿಗೂ ಹೇಳದ ಒಂದು ಸಂಗತಿ ಎದೆಗೆ ಬಂದು ಕುಳಿತಿತು. ಇಲ್ಲಿ ಬರೆಯಲೇಬೇಕು.

ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಗಳಿಗೆ ನಮ್ಮ ಶಾಲೆಯ ಖೊಖೊ ತಂಡ ತಾಲ್ಲೂಕು ಗೆಲ್ಲುವ ಆಸೆ ಹುಟ್ಟಿಸಿತ್ತು. ಒಬ್ಬನೇ ಒಬ್ಬ ಬಲವಾದ ಬೆನ್ನಟ್ಟುವವ ಬೇಕಿತ್ತು. ವಯೋಮಿತಿ ದಾಟಿದ್ದ ಹುಡುಗನೊಬ್ಬ ಇದ್ದ. ಮೇಲಿನವರು "ಎಲ್ಲರೂ ಮಾಡ್ತಾರೆ ಮೇಷ್ಟ್ರೇ" ಅಂದರು. ಪ್ರವೇಶ ಪತ್ರದಲ್ಲಿ ಹುಟ್ಟಿದ ವರ್ಷ ಬದಲಾಯಿತು. ಕೆಳಗೆ ಸಹಿ ನನ್ನದು. ಅವನಿಗೆ ಜಾಗ ಮಾಡಲು ಎಂಟನೇ ತರಗತಿಯ ಒಬ್ಬ ಸಣಕಲು ಹುಡುಗನನ್ನು ಕೈಬಿಟ್ಟೆ. ಬೆಳಗಿನ ಐದೂವರೆಗೆ ಎಲ್ಲರಿಗಿಂತ ಮೊದಲು ಬಂದು ಅಂಕಣದ ಕಲ್ಲು ಆರಿಸುತ್ತಿದ್ದವನು ಅವನು. ಕೊಟ್ಟಿದ್ದ ಬನಿಯನ್ನನ್ನು ಮಡಿಸಿ ಮೇಜಿನ ಮೇಲಿಟ್ಟು, "ಸಾರ್, ಮುಂದಿನ ವರ್ಷ ನಾನು ಇರ್ತೀನಲ್ಲ?" ಎಂದು ಕೇಳಿದ. ಇರ್ತೀಯ ಅಂದೆ. ತಾಲ್ಲೂಕು ಗೆದ್ದೆವು, ಜಿಲ್ಲೆಯಲ್ಲಿ ಸೋತೆವು. ಮುಂದಿನ ವರ್ಷ ಅವನು ಶಾಲೆಗೇ ಬರಲಿಲ್ಲ. ಮನೆಯವರು ಕೆಲಸಕ್ಕೆ ಕಳಿಸಿದ್ದರು. ಅವನು ಶಾಲೆ ಬಿಡಲು ನನ್ನ ಸಹಿ ಕಾರಣವಲ್ಲದಿರಬಹುದು. ಆದರೆ ಶಾಲೆಯಲ್ಲಿ ಅವನಿಗಿದ್ದ ಒಂದೇ ಸಂತೋಷವನ್ನು ನಾನು ಕಿತ್ತುಕೊಂಡಿದ್ದೆ. ಆ ತಾಲ್ಲೂಕು ಕಪ್ ಬಹಳ ವರ್ಷ ಮುಖ್ಯೋಪಾಧ್ಯಾಯರ ಕೋಣೆಯಲ್ಲಿತ್ತು. ನಾನು ಅದರ ಕಡೆ ನೋಡದೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬರುತ್ತಿದ್ದೆ.

2015ರ ಡಿಸೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ದೆಹಲಿಯ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ವಯಸ್ಸಿನ ವಂಚನೆಯ ಬಗ್ಗೆ ಮಾತಾಡಿದ್ದರು. ಅದು ಪಂದ್ಯ ಮಾರಿಕೊಳ್ಳುವುದಕ್ಕಿಂತ ಬೇರೆ ಹೇಗೆ ಎಂಬುದು ಅವರ ಪ್ರಶ್ನೆಯ ತಿರುಳು. ಮರುದಿನ ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ಕಾಣಿಸಿದ್ದು ಆ ಮಡಿಸಿದ ಬನಿಯನ್.

ಮಧ್ಯಾಹ್ನದ ಫೈನಲ್ ಹೊತ್ತಿಗೆ ದಿಬ್ಬದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನ ತೈವಾನನ್ನು ಕಟ್ಟಿಹಾಕಿದ್ದ ಕ್ಯುರಸಾವ್ ಹುಡುಗರಿಗೆ ಹವಾಯಿಯ ಮುಂದೆ ಏನೂ ಮಾಡಲಾಗಲಿಲ್ಲ. ಪಂದ್ಯಾವಳಿಯುದ್ದಕ್ಕೂ ಹವಾಯಿ 60 ರನ್ ಗಳಿಸಿ ಬರೀ 5 ಬಿಟ್ಟುಕೊಟ್ಟಿತು. ಅಂಥ ತಂಡ ಅದು. ನಾಲ್ಕನೇ ಇನಿಂಗ್ಸಿಗೆ 13–3 ಆದಾಗ ಅಂಪೈರ್ ಆಟ ನಿಲ್ಲಿಸಿದರು. ನಾಲ್ಕು ಇನಿಂಗ್ಸ್ ಮುಗಿದು ಹತ್ತು ರನ್ನಿನ ಅಂತರವಿದ್ದರೆ ಪಂದ್ಯ ಅಲ್ಲಿಗೇ ಮುಗಿಯಬೇಕೆಂಬ ನಿಯಮ. ಫೈನಲ್ ಪಂದ್ಯಕ್ಕೂ ಅದು ಅನ್ವಯ.

ನನ್ನ ಪಕ್ಕದಲ್ಲಿದ್ದವರಿಗೆ ಇನ್ನೆರಡು ಇನಿಂಗ್ಸ್ ನೋಡುವ ಆಸೆಯಿತ್ತು. ನನಗೆ ಆ ನಿಯಮ ಬಹಳ ದೊಡ್ಡದೆನಿಸಿತು. 2016ರ ಜನವರಿಯಲ್ಲಿ ಮಹಾರಾಷ್ಟ್ರದ ಕಲ್ಯಾಣದ ಶಾಲಾ ಕ್ರಿಕೆಟ್ ಪಂದ್ಯದಲ್ಲಿ ಒಬ್ಬ ಹುಡುಗ ಔಟಾಗದೆ 1009 ರನ್ ಹೊಡೆದ. ತಂಡ 3 ವಿಕೆಟ್ಟಿಗೆ 1465. ಎದುರಾಳಿಗಳು 31 ಮತ್ತು 52ಕ್ಕೆ ಔಟ್. ಲೋಕವೆಲ್ಲ ಆ 1009ರ ಹುಡುಗನನ್ನು ಕೊಂಡಾಡಿತು. ಎರಡು ದಿನ ಬಿಸಿಲಲ್ಲಿ ಚೆಂಡು ಹೆಕ್ಕಿದ ಹನ್ನೊಂದು ಮಕ್ಕಳ ಹೆಸರು ಯಾರಿಗೂ ಬೇಕಾಗಲಿಲ್ಲ. ಅವರಿಗಾಗಿ "ಇನ್ನು ಸಾಕು" ಎನ್ನುವ ಒಂದು ನಿಯಮ ಅಲ್ಲಿರಲಿಲ್ಲ. ಲಿಟಲ್ ಲೀಗಿನಲ್ಲಿ ಅಂಥ ನಿಯಮಗಳು ಇನ್ನೂ ಇವೆ. ತಂಡದ ಪ್ರತಿ ಹುಡುಗನಿಗೂ ಪ್ರತಿ ಪಂದ್ಯದಲ್ಲಿ ಬ್ಯಾಟ್ ಹಿಡಿಯುವ ಸರದಿ ಕೊಡಲೇಬೇಕು. ಒಬ್ಬ ಪಿಚರ್ ದಿನಕ್ಕೆ 85 ಎಸೆತ ಮೀರುವಂತಿಲ್ಲ. 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. 2007ರಲ್ಲಿ ಬಂದ ಈ ಎಸೆತದ ಲೆಕ್ಕ ಎಳೆಯ ತೋಳುಗಳನ್ನು ಕಾಪಾಡಿತು. ಒಬ್ಬನೇ ದೈತ್ಯ ಪಿಚರನನ್ನು ನಂಬಿ ಪಂದ್ಯಾವಳಿ ಗೆಲ್ಲುವ ದಾರಿಯನ್ನೂ ಮುಚ್ಚಿತು. ಸ್ಟೋಟ್ಜ್ ಹಿಡಿದ ಅಳತೆಯ ಪಟ್ಟಿಯನ್ನು ಯಾರೋ ಇನ್ನೂ ಕೆಳಗಿಟ್ಟಿಲ್ಲ ಎಂದು ಸಮಾಧಾನವಾಯಿತು.

ಎರಡೂ ತಂಡಗಳು ಸಾಲಾಗಿ ನಿಂತು ಕೈಕುಲುಕಿದವು. ಸೋತ ಮಕ್ಕಳ ಪೈಕಿ ಕೆಲವರು ಒಂದು ಗೇಣು ಗಿಡ್ಡ, ಗೆದ್ದವರಲ್ಲಿ ಕೆಲವರು ಆಗಲೇ ಗಂಡಸರಂತೆ ಕಾಣುತ್ತಿದ್ದರು. ಮೊಮ್ಮಗ ದಿಬ್ಬದ ಮೇಲಿಂದ ಅದನ್ನೇ ನೋಡುತ್ತಿದ್ದ. ಅವನು ಮತ್ತೆ ಕೇಳುವ ಮೊದಲೇ ನಾನು ಹೇಳಿದೆ: "ಅವರೆಲ್ಲ ಒಂದೇ ವಯಸ್ಸಿನವರೇ ಇರಬೇಕು ಮಗಾ. ಹನ್ನೆರಡರಲ್ಲಿ ಒಬ್ಬ ಬೇಗ ಬೆಳೀತಾನೆ, ಇನ್ನೊಬ್ಬ ನಿಧಾನ. ಅದು ಮೋಸ ಅಲ್ಲ. ನಿನ್ನನ್ನು ಸೋಲಿಸಿದವರೂ ಹಾಗೇ ಇರಬಹುದು. ದೊಡ್ಡವರು ಕಾಗದದಲ್ಲಿ ಸುಳ್ಳು ಬರೆದರೆ ಅದು ಮಾತ್ರ ಮೋಸ." ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದ, "ನೀವು ಬರೆದಿದ್ರಾ?"

"ಒಂದು ಸಲ" ಅಂದೆ.

ಅವನು ನನ್ನ ಮುಖ ನೋಡಿದ, ಮತ್ತೇನೂ ಕೇಳಲಿಲ್ಲ. ಕಾರಿನವರೆಗೂ ನನ್ನ ಕೈ ಹಿಡಿದೇ ನಡೆದ.

ಮಕ್ಕಳ ಆಟದಲ್ಲಿ ಅಸಮತೆ ಪೂರ್ತಿ ಹೋಗುವುದಿಲ್ಲ. ಒಂದು ಊರಿಗೆ ಮೈದಾನವಿದೆ, ಇನ್ನೊಂದಕ್ಕೆ ಇಲ್ಲ. ಒಬ್ಬನಿಗೆ ತರಬೇತಿ ಇದೆ, ಇನ್ನೊಬ್ಬನಿಗೆ ಬೂಟೂ ಇಲ್ಲ. ಅದನ್ನೆಲ್ಲ ನಿಯಮಗಳಿಂದ, ಸ್ಥಾನ ಹಂಚಿಕೆಯಿಂದ, ಹತ್ತು ರನ್ನಿಗೆ ಆಟ ನಿಲ್ಲಿಸುವ ಕರುಣೆಯಿಂದ ಆದಷ್ಟು ಕಡಿಮೆ ಮಾಡಬಹುದು. ಆದರೆ ದೊಡ್ಡವರು ಕೈಯಾರೆ ಮಾಡುವ ಅಸಮತೆಗೆ ಯಾವ ನಿಯಮವೂ ಸಾಲದು. ಆ ಪ್ರವೇಶ ಪತ್ರ ತುಂಬುವ ಹೊತ್ತಿನಲ್ಲಿ ಮೇಷ್ಟ್ರು ಒಬ್ಬರೇ ಇರುತ್ತಾರೆ, ಜೊತೆಗೆ ಒಂದು ಪೆನ್ನು.

ಈ ಲೇಖನವನ್ನು ಓದುತ್ತಿರುವ ದೈಹಿಕ ಶಿಕ್ಷಕ ಮಿತ್ರರಲ್ಲಿ, ಮಕ್ಕಳನ್ನು ಮೈದಾನಕ್ಕೆ ಕಳಿಸುವ ತಂದೆತಾಯಿಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಹೋಬಳಿ ಪಂದ್ಯಕ್ಕೆ ತಂಡದ ಪಟ್ಟಿ ಬರೆಯುವಾಗ, ಹುಟ್ಟಿದ ದಿನಾಂಕದ ಜಾಗದಲ್ಲಿ ನಿಜವಾದ ದಿನಾಂಕವನ್ನೇ ಬರೆಯಿರಿ. ತಂಡ ಸೋತರೆ ಸೋಲಲಿ. ಬನಿಯನ್ ಮಡಿಸಿ ಹಿಂದಿರುಗಿಸುವ ಹುಡುಗ ನಿಮ್ಮ ಶಾಲೆಯಲ್ಲಿ ಇರದಿರಲಿ.